ಸ್ಥಳ ಮಹಜರು

ದೇವೀರಮ್ಮನ ಎಡಗಾಲಿನ ಚಪ್ಪಲಿ ಬಿಳಿ ಪಟ್ಟಿಯ ಮೇಲೆ,
ಬಲಗಾಲಿನದು ಅದಕ್ಕಿಂತ ಒಂದು ಗೇಣು ಆಚೆ
ಎಂದು ಹೆಡ್ ಕಾನ್ಸ್‌ಟೇಬಲ್ ರುದ್ರೇಶಪ್ಪ ಬರೆದುಕೊಂಡರು.
ಟೇಪು ಹಿಡಿದು ಅಳೆದರು.
ಟೇಪಿನ ಇನ್ನೊಂದು ತುದಿ ಹಿಡಿದವನು ನಾನು.

ಹಾಸನ, ಎನ್.ಆರ್. ಸರ್ಕಲ್ಲು, ಬೆಳಗಿನ ಒಂಬತ್ತೂ ಕಾಲು.
ದುದ್ದದ ಹುಡುಗ ತೀರ್ಥಕುಮಾರನ ಲಗೇಜ್ ಆಟೋ,
ಬಿತ್ತನೆ ಆಲೂಗಡ್ಡೆ ಹದಿನಾಲ್ಕು ಚೀಲ.
ಒಂದು ಚೀಲ ಬಾಯಿಬಿಟ್ಟು ಗಡ್ಡೆಗಳೆಲ್ಲ
ಯಾವ ದೀಪಕ್ಕೂ ಕಾಯದೆ ಉರುಳಿಕೊಂಡು ಹೋದವು.
ಹೆಕ್ಕಿಕೊಡಲು ಬಗ್ಗಿದವರು ಹೆಕ್ಕುತ್ತಲೇ ಜಗಳಕ್ಕೆ ನಿಂತರು.

‘ನಂಗೆ ಹಸಿರಿತ್ತು ಸಾರ್, ನಮ್ಮವ್ವನಾಣೆ.’
‘ನಡೆಯೋ ಬೊಂಬೆ ಹಸ್ರಾಗಿತ್ತು ಕಣಪ್ಪ, ನಾನೇನು ಕುರುಡಿಯಾ?’
ಡಿವೈಡರಿಗೆ ಒರಗಿ ಮೊಣಕಾಲು ಹಿಡಿದುಕೊಂಡೇ ಆಕೆ.
‘ಆ ಬೊಂಬೆ ಕೆಟ್ಟು ಯುಗಾದಿಗೆ ವರ್ಷವಾಯ್ತಲ್ಲಮ್ಮ!’ ಜ್ಯೂಸಿನ ಅಂಗಡಿಯವನು.
‘ಕೆಟ್ಟಿರೋದು ಆ ಕಡೇದು ಕಣಯ್ಯ, ಈ ಕಡೇದು ನೆಟ್ಟಗೈತೆ.’
‘ಎಂಟು ಸೆಕೆಂಡ್ ಬಾಕಿ ಇತ್ತು.’ ‘ಮೂರು.’
‘ಹಳದಿ ಕಂಡ್ರೆ ಈ ಹುಡುಗ್ರಿಗೆ ಮೈಮೇಲೆ ಬರ್ತದೆ.’
‘ಚೀಲ ಹೊತ್ಕೊಂಡು ಹಂಗೆ ನುಗ್ತಾರೇನ್ರೀ ರೋಡಿಗೆ?’
ಹೆಲ್ಮೆಟ್ ತೆಗೆಯದೆಯೇ ಒಬ್ಬರು ಕಾನೂನು ಹೇಳಿದರು;
ಒಳಗಿಂದ ಏನು ಹೇಳಿದರೋ ಯಾರಿಗೂ ಸರಿಯಾಗಿ ಕೇಳಲಿಲ್ಲ.

ನನ್ನದು ಅಲ್ಲೇ ಹಿಂದಿನ ಓಣಿಯಲ್ಲಿ ರಬ್ಬರ್ ಸ್ಟಾಂಪಿನ ಅಂಗಡಿ.
ತಿರುವುಮುರುವು ಕೊರೆದರೆ
ಕಾಗದದ ಮೇಲೆ ನೆಟ್ಟಗೆ ಬೀಳುವ ಕಸುಬು.
ಮಹಜರಿನ ಕೆಳಗೆ ಒತ್ತುವ ಮೊಹರೂ ನಾನೇ ಕೊರೆದದ್ದು.
ಅದರಲ್ಲಿ ‘ಠಾಣೆ’ಯ ಠ ನಡುವೆ ಇರಬೇಕಾದ ಚುಕ್ಕೆ ಬಿಟ್ಟುಹೋಗಿದೆ.
ಎರಡು ವರ್ಷವಾಯಿತು,
ಎಷ್ಟು ಕೇಸಿನ ಮೇಲೆ ಬಿದ್ದಿದೆಯೋ,
ಯಾರೂ ಕೇಳಿಲ್ಲ.

ಆ ಹೊತ್ತು ಅಂಚಿನಲ್ಲಿ ನಿಂತಿದ್ದವರು ಐದಾರು ಜನ.
ಎಲ್ಲರಿಗಿಂತ ಮುಂದೆ ನಾನು.
ತಾಲ್ಲೂಕು ಆಫೀಸಿನವನೊಬ್ಬ ಸೀಲಿಗೆ ಕಾಯುತ್ತ
ಎರಡು ಸಲ ಫೋನು ಮಾಡಿದ್ದ, ಮೂರನೆಯದು ಜೇಬಿನಲ್ಲಿ ನಡುಗುತ್ತಿತ್ತು.
ದೀಪ ನೋಡಿದೆನೇ? ಗಾಡಿ ನೋಡಿದೆನೇ?
ನೆನೆದರೆ ಆ ನಡುಕ ಮಾತ್ರ ತೊಡೆಗೆ ತಾಕುತ್ತದೆ.
ಕಾಲಿಟ್ಟೆ.
ಹಿಂದೆ ಒಂದು ಜೊತೆ ಹವಾಯಿ ಚಪ್ಪಲಿ ಪಟಪಟ ಎದ್ದಿತು.

ಬೊಂಬೆ ನೋಡಿ ಯಾರು ದಾಟುತ್ತಾರೆ ನಮ್ಮೂರಿನಲ್ಲಿ.
ಮುಂದಿನವರ ಬೆನ್ನು ನೋಡಿ ದಾಟುತ್ತಾರೆ.

ಬ್ರೇಕಿನ ಸದ್ದು ಕೇಳುವಾಗ ನಾನು ಆಚೆ ಬದಿಯಲ್ಲಿದ್ದೆ,
ಕಿವಿಗೆ ಫೋನಿಟ್ಟು ‘ಬಂದೆ, ಬಂದೆ’ ಅನ್ನುತ್ತಿದ್ದೆ.

‘ಹತ್ರ ಇದ್ದವರು ನೀವೇ. ಏನ್ ಕಂಡ್ರಿ ಹೇಳಿ,’ ಅಂದರು ರುದ್ರೇಶಪ್ಪ.
‘ನನ್ನ ಬೆನ್ನು ಆ ಕಡೆಗಿತ್ತು ಸಾರ್. ಕಾಣಲಿಲ್ಲ.’
ಸುಳ್ಳಲ್ಲ ಅದು. ಹಾಗೇ ಬರೆದುಕೊಂಡರು,
ಒಂದು ಅಕ್ಷರ ತಿದ್ದದೆ.
ಹುಡುಗನದೇ ತಪ್ಪು ಅಂತ ಅರ್ಧ ಪುಟ,
ಆಕೆಯೂ ನೋಡಬೇಕಿತ್ತು ಅಂತ ಎರಡು ಸಾಲು.
ನನ್ನ ಸಹಿ, ಪಂಚ ಒಂದನೆಯವರು.

ಸಂಜೆ ಆಸ್ಪತ್ರೆಗೆ ಹೋದೆ.
ವಾರ್ಡಿನ ಹೊರಗೆ ತೀರ್ಥಕುಮಾರ ನೆಲದ ಮೇಲೆ ಕೂತು
ಎಕ್ಸ್‌ರೇ ಚೀಟಿಗಳನ್ನು ಮಡಿಸುತ್ತಿದ್ದ, ಬಿಚ್ಚುತ್ತಿದ್ದ.
ಒಳಗೆ ದೇವೀರಮ್ಮ. ಹಾಸ್ಟೆಲಿನಲ್ಲಿ ಅಡುಗೆ ಕೆಲಸವಂತೆ,
ರಾತ್ರಿ ಎಂಬತ್ತು ಹುಡುಗಿಯರಿಗೆ ಮುದ್ದೆ ಯಾರು ತೊಳೆಸುತ್ತಾರೆ
ಅಂತ ಯಾರಿಗೋ ಫೋನಿನಲ್ಲಿ ಜೋರು ಮಾಡುತ್ತಿದ್ದಳು.
ಅಂಗಿ ನೋಡಿ ಗುರುತು ಹಿಡಿದಳು, ನೀಲಿ ಚೌಕುಳಿ.
ಮುಖ ಅವಳು ನೋಡಿಯೇ ಇರಲಿಲ್ಲವಲ್ಲ.
‘ಮುಂದೆ ಇದ್ದೋರು ನೀವೇ ಅಲ್ವಾ?
ಅಯ್ಯೋ, ನಿಮಗೇನೂ ಆಗ್ಲಿಲ್ಲ ತಾನೆ?’

ಇಲ್ಲ ಅಂದೆ.
ತಂದಿದ್ದ ಮೂಸಂಬಿ ಮೇಜಿನ ಮೇಲಿಟ್ಟೆ, ಒಂದು ಉರುಳಿತು, ಹಿಡಿದೆ.

ಅಂದು ಬಗ್ಗಿದಾಗ ಜೇಬಿಗೆ ಹೇಗೆ ಬಂತೋ
ಒಂದು ಗಡ್ಡೆ ನನ್ನಲ್ಲೇ ಉಳಿದುಹೋಗಿದೆ.
ಹಿಂದಿರುಗಿಸಲು ಈಗ ಯಾರಿಗೆ, ಏನೆಂದು?
ಇಂಕ್ ಪ್ಯಾಡಿನ ಪಕ್ಕದಲ್ಲಿಟ್ಟಿದ್ದೇನೆ.
ಮೂರು ವಾರವಾಯಿತು.
ಇವತ್ತು ಬಾಗಿಲು ತೆಗೆದರೆ
ನನ್ನ ಕಡೆಗೆ ಕಣ್ಣು ಬಿಟ್ಟಿದೆ.